ಮುದಿ ನಾಯಿ ಕಾಲು ನೆಕ್ಕುತ್ತಲೇ ಇದೆಯೇ? ನಿಮಗಿದು ಗೊತ್ತೇ?

● ನಾಯಿ ಕುಂಟುತ್ತಿದ್ದರೆ ಯಾವ ಕಾಲು ನೋಯುತ್ತಿದೆ ಎಂದು ತಿಳಿಯಲು ಅದರ ತಲೆಯನ್ನು ನೋಡಬೇಕು. ನೋವಿರುವ ಮುಂಗಾಲು ನೆಲ ಮುಟ್ಟಿದ ಕೂಡಲೇ ತಲೆ ಮೇಲೇಳುತ್ತದೆ, ಗಟ್ಟಿಯಾಗಿರುವ ಕಾಲು ಊರಿದಾಗ ಕೆಳಗಿಳಿಯುತ್ತದೆ. ಬೇನೆಯ ಕಾಲಿನಿಂದ ಭಾರ ತೆಗೆಯಲು ನಾಯಿ ತಾನೇ ಕಂಡುಕೊಂಡ ಉಪಾಯ ಅದು. ಆಸ್ಪತ್ರೆಯೊಳಗೆ ಕಾಲಿಟ್ಟೊಡನೆ ಭಯಕ್ಕೋ ಉದ್ವೇಗಕ್ಕೋ ಎಷ್ಟೋ ನಾಯಿಗಳು ಕುಂಟುವುದನ್ನೇ ಮರೆತು ನೆಟ್ಟಗೆ ನಡೆಯುತ್ತವೆ. ಹಾಗಾಗಿ ಮನೆಯಂಗಳದಲ್ಲಿ ಅದು ನಡೆಯುವುದನ್ನು ಎದುರಿನಿಂದ, ಪಕ್ಕದಿಂದ, ಹಿಂದಿನಿಂದ ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಿ. ನೀವು ಅರ್ಧ ಗಂಟೆ ವಿವರಿಸಿದರೂ ಆಗದ ಕೆಲಸ ಅರ್ಧ ನಿಮಿಷದ ವಿಡಿಯೊದಿಂದ ಆಗುತ್ತದೆ.

● ನಾಯಿಯ ಮೈಭಾರದಲ್ಲಿ ಸುಮಾರು 60 ಪಾಲು ಮುಂಗಾಲುಗಳ ಮೇಲೆ, 40 ಪಾಲು ಹಿಂಗಾಲುಗಳ ಮೇಲೆ. ನಮಗಿರುವಂಥ ಗಟ್ಟಿ ಕೊರಳೆಲುಬು ಅದಕ್ಕಿಲ್ಲ, ಮುಂಗಾಲುಗಳು ಮುಂಡಕ್ಕೆ ಅಂಟಿಕೊಂಡಿರುವುದು ಸ್ನಾಯುಗಳ ಬಲದಿಂದಲೇ. ಸೊಂಟ ನೋಯುವ ನಾಯಿ ಇನ್ನಷ್ಟು ಭಾರವನ್ನು ಮುಂದಕ್ಕೆ ತಳ್ಳುವುದರಿಂದ ಕ್ರಮೇಣ ಮುಂಗಾಲೂ ದಣಿಯುತ್ತದೆ.

● “ನೋವಿದ್ದರೆ ಕುಂಯ್‌ಗುಡುತ್ತಿರಲಿಲ್ಲವೇ?” ಪಶುವೈದ್ಯರು ದಿನಾ ಕೇಳುವ ಮಾತಿದು. ಇಲ್ಲ, ಕುಂಯ್‌ಗುಡುವುದಿಲ್ಲ. ಬಾಗಿಲಿಗೆ ಬಾಲ ಸಿಕ್ಕರೆ ಅರಚುವ ನಾಯಿಯೇ ವರ್ಷಗಟ್ಟಲೆ ಕೀಲುನೋವನ್ನು ಸದ್ದಿಲ್ಲದೆ ಹೊತ್ತು ತಿರುಗುತ್ತದೆ. ಗುರುತುಗಳು ಬೇರೆ ಇರುತ್ತವೆ. ಮಲಗಿದಲ್ಲಿಂದ ಏಳಲು ಎರಡು ಪ್ರಯತ್ನ ಬೇಕಾಗುವುದು, ಮೆಟ್ಟಿಲ ಬಳಿ ನಿಂತು ಯೋಚಿಸುವುದು, ಕಾರು ಹತ್ತಲು ನಿಮ್ಮ ಮುಖ ನೋಡುವುದು, ಗಂಡು ನಾಯಿ ಕಾಲೆತ್ತದೆ ಕುಕ್ಕರಿಸಿ ಮೂತ್ರ ಮಾಡುವುದು, ಸೊಂಟ ಸವರಿದರೆ ಸಿಡುಕುವುದು. ಒಂದು ತೊಡೆ ಇನ್ನೊಂದಕ್ಕಿಂತ ಸೊರಗಿದ್ದರೆ, ಒಂದು ಪಾದದ ಉಗುರು ಮಾತ್ರ ಉದ್ದ ಬೆಳೆದಿದ್ದರೆ, ಆ ಕಾಲು ಬಹಳ ದಿನಗಳಿಂದ ಸರಿಯಾಗಿ ನೆಲಕ್ಕೂರಿಲ್ಲ ಎಂದೇ ತಿಳಿಯಿರಿ.

“ವಯಸ್ಸಾಯ್ತಲ್ಲ, ಇನ್ನೇನು” ಎನ್ನುವ ಮಾತು ಈ ಎಲ್ಲ ಗುರುತುಗಳ ಮೇಲೂ ಚಾದರ ಹೊದಿಸಿಬಿಡುತ್ತದೆ. ವಯಸ್ಸು ಕಾಯಿಲೆಯಲ್ಲ. ಕೀಲುಸವೆತ ಕಾಯಿಲೆ, ಮತ್ತು ಅದರ ನೋವಿಗೆ ಔಷಧಿಯಿದೆ.

● ನೆಕ್ಕಿದರೆ ನೋವು ನಿಜಕ್ಕೂ ತುಸು ಇಳಿಯುತ್ತದೆ. ಮೊಣಕೈ ತಾಗಿದಾಗ ನಾವು ಉಜ್ಜಿಕೊಳ್ಳುವುದರ ಹಿಂದೆಯೂ ಇದೇ ಗುಟ್ಟು: ಸ್ಪರ್ಶದ ಸಂದೇಶ ಬೆನ್ನುಹುರಿಗೆ ತಲುಪಿ ನೋವಿನ ಸಂದೇಶಕ್ಕೆ ಅರ್ಧ ಬಾಗಿಲು ಹಾಕುತ್ತದೆ. ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಇದನ್ನು 1965ರಲ್ಲಿ ‘ಗೇಟ್ ಕಂಟ್ರೋಲ್’ ಸಿದ್ಧಾಂತವಾಗಿ ಮಂಡಿಸಿದರು. ಉಜ್ಜಿಕೊಳ್ಳಲು ಕೈಯಿಲ್ಲದ ನಾಯಿ ನಾಲಿಗೆಯನ್ನು ಬಳಸುತ್ತದೆ, ಅಷ್ಟೇ.

● ಬಿಳಿ ಅಥವಾ ತಿಳಿ ಬಣ್ಣದ ನಾಯಿಯ ಪಾದ ಕೆಂಪು-ಕಂದಾಗಿದ್ದರೆ ಅದು ಮಣ್ಣಿನ ಕಲೆಯಲ್ಲ. ಜೊಲ್ಲಿನಲ್ಲಿರುವ ಪಾರ್ಫಿರಿನ್ ಎಂಬ ವಸ್ತು ಕೂದಲಿಗೆ ಹಿಡಿಸಿದ ಬಣ್ಣ ಅದು. ನೀವು ಆಫೀಸಿನಲ್ಲಿದ್ದಾಗ, ರಾತ್ರಿ ನಿದ್ದೆಯಲ್ಲಿದ್ದಾಗ ಅದೆಷ್ಟು ನೆಕ್ಕಿದೆ ಎಂಬುದರ ಲೆಕ್ಕ ಅಲ್ಲಿ ಬರೆದಿರುತ್ತದೆ.

● ಎಲ್ಲಿ ನೆಕ್ಕುತ್ತದೆ ಎನ್ನುವುದರಲ್ಲೇ ಅರ್ಧ ಉತ್ತರವಿದೆ. ನಾಲ್ಕೂ ಪಾದಗಳನ್ನು, ಬೆರಳ ಸಂದುಗಳನ್ನು ನೆಕ್ಕುತ್ತಿದ್ದರೆ ಮೊದಲ ಅನುಮಾನ ಅಲರ್ಜಿಯ ಮೇಲೆ. ಸಂದುಗಳಿಂದ ಹುಳಿ ಹಿಟ್ಟಿನಂಥ ವಾಸನೆ ಬಂದರೆ ಮಲಸೀಜಿಯ ಎಂಬ ಯೀಸ್ಟ್ ಬೆಳೆದಿರಬಹುದು. ಒಂದೇ ಪಾದವಾದರೆ ಮುಳ್ಳು, ಹುಲ್ಲಿನ ಊಬು, ಒಡೆದ ಉಗುರು ಹುಡುಕಿ. ಅಡ್ಡಬೆರಳಿನ ಉಗುರು ನೆಲಕ್ಕೆ ತಾಗಿ ಸವೆಯುವುದಿಲ್ಲ, ಸುತ್ತಿಕೊಂಡು ಚರ್ಮದೊಳಕ್ಕೇ ಚುಚ್ಚಿರುತ್ತದೆ. ಮುದಿ ನಾಯಿಗಳಲ್ಲಿ ಯಜಮಾನರು ತಪ್ಪದೆ ಮರೆಯುವ ಜಾಗ ಅದೇ. ಇವೇನೂ ಇಲ್ಲದೆ ಮಣಿಕಟ್ಟು, ಮೊಣಕಾಲು, ಸೊಂಟದ ಒಂದೇ ಜಾಗವನ್ನು ಹಿಡಿದು ನೆಕ್ಕುತ್ತಿದ್ದರೆ ಅದರಡಿಯ ಕೀಲನ್ನು ನೋಡಿಸಬೇಕು.

● ಕಾಲು ಬಿಟ್ಟು ನೆಲ, ಗೋಡೆ, ಸೋಫಾ ನೆಕ್ಕುವ ನಾಯಿಗಳೂ ಇವೆ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು ಇಂಥ 19 ನಾಯಿಗಳನ್ನು ಪರೀಕ್ಷಿಸಿ 2012ರಲ್ಲಿ ವರದಿ ಮಾಡಿದರು. ಅವುಗಳಲ್ಲಿ 14ಕ್ಕೆ ಹೊಟ್ಟೆ-ಕರುಳಿನ ತೊಂದರೆಯಿತ್ತು. ಚಟವೆಂದು ಬೈಸಿಕೊಂಡದ್ದು ಪಾಪ ಹೊಟ್ಟೆನೋವು.

● ಮುಂಗಾಲ ಮಣಿಕಟ್ಟಿನ ಮೇಲೆ ಕೂದಲುದುರಿ, ಚರ್ಮ ದಪ್ಪಗಾಗಿ, ನಾಣ್ಯದಗಲ ಹಸಿಹಸಿಯಾಗಿರುವ ಗಂಟು ಕಂಡಿದ್ದೀರಾ? ವೈದ್ಯರು ಅದನ್ನು ‘ಲಿಕ್ ಗ್ರ್ಯಾನ್ಯುಲೋಮ’ ಎನ್ನುತ್ತಾರೆ. ಲ್ಯಾಬ್ರಡಾರ್, ಡಾಬರ್‌ಮನ್, ಗ್ರೇಟ್ ಡೇನ್‌ಗಳಲ್ಲಿ ಹೆಚ್ಚು. ನೆಕ್ಕಿದಷ್ಟೂ ಚರ್ಮ ಕೆಡುತ್ತದೆ, ಕೆಟ್ಟಷ್ಟೂ ಕೆರೆತ, ಕೆರೆತಕ್ಕೆ ಮತ್ತೆ ನೆಕ್ಕುವುದು. ಆಳದಲ್ಲಿ ಬ್ಯಾಕ್ಟೀರಿಯಾ ಸೇರಿಕೊಂಡರೆ ವಾರಗಟ್ಟಲೆ ಆಂಟಿಬಯೋಟಿಕ್ ಬೇಕಾಗುತ್ತದೆ. ಶುರುವಾದದ್ದು ಕೀಲುನೋವಿನಿಂದಿರಬಹುದು, ಅಲರ್ಜಿಯಿಂದಿರಬಹುದು, ಹಗಲೆಲ್ಲ ಒಂಟಿಯಾಗಿ ಕಟ್ಟಿಹಾಕಿದ ಬೇಸರದಿಂದಲೂ ಇರಬಹುದು. ಮೂಲ ಹುಡುಕದೆ ಮುಲಾಮು ಹಚ್ಚುತ್ತ ಕೂತರೆ ಖಾಲಿಯಾಗುವುದು ಟ್ಯೂಬು ಮಾತ್ರ, ಅದೂ ನಾಯಿಯ ಹೊಟ್ಟೆಗೆ.

ಇದಕ್ಕೊಂದು ಕುತೂಹಲದ ಬಾಲವಿದೆ. ಮತ್ತೆ ಮತ್ತೆ ಕೈ ತೊಳೆಯುವ ಗೀಳಿನ ರೋಗಿಗಳಿಗೆ ಚಿಕಿತ್ಸೆ ನೀಡುತ್ತಿದ್ದ ಅಮೆರಿಕದ ಮನೋವೈದ್ಯೆ ಜುಡಿತ್ ರಾಪಪೋರ್ಟ್, ಅದೇ ರೋಗಿಗಳಿಗೆ ಕೊಡುವ ಕ್ಲೋಮಿಪ್ರಮೀನ್ ಔಷಧಿಯನ್ನು ಕಾಲು ನೆಕ್ಕುವ ನಾಯಿಗಳ ಮೇಲೆ ಪರೀಕ್ಷಿಸಿದರು. ನೆಕ್ಕುವುದು ಕಡಿಮೆಯಾಯಿತು. 1992ರಲ್ಲಿ ಅದರ ವರದಿ ಪ್ರಕಟವಾದದ್ದು ಮನೋವೈದ್ಯರ ಪತ್ರಿಕೆಯಲ್ಲಿ! ಆದರೆ ಮುಪ್ಪಿನಲ್ಲಿ ಹೊಸದಾಗಿ ನೆಕ್ಕಲು ಶುರುಮಾಡಿದ ನಾಯಿಯನ್ನು ಮೊದಲೇ ಮನೋರೋಗಿ ಮಾಡಬೇಡಿ. ಎಕ್ಸ್‌ರೇ ಮೊದಲು, ಮನಸ್ಸು ಆಮೇಲೆ.

● ನಾಯಿಯ ಜೊಲ್ಲಿಗೆ ಬ್ಯಾಕ್ಟೀರಿಯಾ ಕೊಲ್ಲುವ ಶಕ್ತಿ ಇದೆಯೆಂಬುದು ಪೂರ್ತಿ ಸುಳ್ಳಲ್ಲ. ಇ-ಕೊಲೈ ಮತ್ತು ಒಂದು ಬಗೆಯ ಸ್ಟ್ರೆಪ್ಟೊಕಾಕಸ್ ವಿರುದ್ಧ ಅದು ಕೆಲಸ ಮಾಡುತ್ತದೆಂದು 1990ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದ್ದಾರೆ. ಆದರೂ ಒರಟು ನಾಲಿಗೆ ಗಂಟೆಗಟ್ಟಲೆ ಉಜ್ಜಿದರೆ ಗಾಯ ಮಾಯುವ ಬದಲು ಅಗಲವಾಗುತ್ತದೆ. ಗಾಯವಿದ್ದಾಗ ಕೊರಳಿಗೆ ಕೋನ್ ಹಾಕುವುದೇ ಸರಿ. ಬರೀ ಕೋನ್ ಹಾಕಿ ಕೂತರೆ ಮಾತ್ರ ಬಾಯಿ ಕಟ್ಟಿದಂತಾಯಿತೇ ಹೊರತು ನೋವು ಎಲ್ಲಿತ್ತೋ ಅಲ್ಲೇ ಇರುತ್ತದೆ.

● ಇವತ್ತು ಮುಂಗಾಲು, ನಾಳಿದ್ದು ಹಿಂಗಾಲು ಎಂದು ಕುಂಟುವ ಕಾಲು ಬದಲಾಗುತ್ತಿದ್ದರೆ, ಜೊತೆಗೆ ಜ್ವರ, ಊಟ ಬಿಡುವುದು, ಮೂಗಿನಲ್ಲಿ ರಕ್ತ ಕಂಡರೆ, ತಪ್ಪು ಮುಪ್ಪಿನದಲ್ಲ, ಉಣ್ಣೆಯದಿರಬಹುದು. ಎರ್ಲಿಕಿಯ ಎಂಬ ಸೂಕ್ಷ್ಮಾಣುವನ್ನು ಕಂದು ಉಣ್ಣೆ ಹರಡುತ್ತದೆ. ನಮ್ಮಲ್ಲಿ ಎಲ್ಲರೂ ‘ಟಿಕ್ ಫೀವರ್’ ಎನ್ನುವುದು ಇದನ್ನೇ. 1935ರಲ್ಲಿ ಅಲ್ಜೀರಿಯಾದಲ್ಲಿ ಮೊದಲು ಗುರುತಿಸಿದ ಈ ರೋಗ ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೇನಾ ನಾಯಿಗಳನ್ನು ನೂರುಗಟ್ಟಲೆ ಬಲಿ ತೆಗೆದುಕೊಂಡಿತು. ರಕ್ತ ಪರೀಕ್ಷೆಯಲ್ಲಿ ಸಿಗುತ್ತದೆ, ಡಾಕ್ಸಿಸೈಕ್ಲಿನ್‌ಗೆ ಬಗ್ಗುತ್ತದೆ. ಸಾಮಾನ್ಯವಾಗಿ 28 ದಿನಗಳ ಚಿಕಿತ್ಸೆ. ಕುಂಟುವುದು ನಿಂತಿತೆಂದು ನಡುವೆ ಮಾತ್ರೆ ಬಿಡಬಾರದು.

● ಈಗ ಈ ಅಂಕಣದ ಅತಿ ಮುಖ್ಯ ಮಾತು. ನಿಮ್ಮ ಮಂಡಿನೋವಿನ ಮಾತ್ರೆ ನಿಮ್ಮ ನಾಯಿಗಲ್ಲ. ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಜಠರದಲ್ಲಿ ಹುಣ್ಣು ಮಾಡಿ ರಕ್ತ ಸುರಿಸಬಲ್ಲವು, ಮೂತ್ರಪಿಂಡ ಕೆಡಿಸಬಲ್ಲವು. ಪ್ಯಾರಾಸಿಟಮಾಲ್ ಪ್ರಮಾಣ ಮೀರಿದರೆ ಯಕೃತ್ತಿಗೆ ಕುತ್ತು. ಬೆಕ್ಕಿಗಂತೂ ಒಂದೇ ಮಾತ್ರೆ ಸಾವಿಗೆ ಸಾಕು. ಮಾತ್ರೆ ಕೊಡದಿದ್ದರೂ ಅಪಾಯ ತಪ್ಪಿತೆನ್ನುವಂತಿಲ್ಲ: ಅಜ್ಜಿ ಮಂಡಿಗೆ ಡೈಕ್ಲೋಫೆನಾಕ್ ಜೆಲ್ ಹಚ್ಚಿಕೊಂಡು ಕೂತಿದ್ದಾರೆ, ಪ್ರೀತಿಯ ನಾಯಿ ಬಂದು ಅದನ್ನೇ ನೆಕ್ಕುತ್ತದೆ.

ಕರ್ಪೂರ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ನಮಗೆ ಹಿತ. ನಾಯಿಗೆ ಕರ್ಪೂರ ವಿಷ, ಹೊಟ್ಟೆಗೆ ಹೋದರೆ ನಡುಕ, ಫಿಟ್ಸ್ ಬರಬಹುದು. ಹರಳೆಣ್ಣೆ ಹಚ್ಚಿದರೆ ನೆಕ್ಕಿ ಭೇದಿ ಮಾಡಿಕೊಳ್ಳುತ್ತದೆ. ಕಾಲು ನೆಕ್ಕುವ ನಾಯಿಗೆ ಹೊರಗೆ ಹಚ್ಚುವ ಔಷಧಿ ಎಂಬುದೇ ಇಲ್ಲ, ಹಚ್ಚಿದ್ದೆಲ್ಲ ಒಳಗೇ ಹೋಗುತ್ತದೆ.

● ಡೈಕ್ಲೋಫೆನಾಕ್‌ನ ಇನ್ನೊಂದು ಪಾಪ ರಾಮನಗರದ ಬಂಡೆಗಳ ಮೇಲೆ ಕಾಣುತ್ತದೆ. ಈ ಔಷಧಿ ಕೊಟ್ಟ ದನ ಸತ್ತರೆ ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಅವೂ ಸಾಯುತ್ತವೆಂದು 2004ರಲ್ಲಿ ಖಚಿತವಾಯಿತು. ಅಷ್ಟರಲ್ಲಿ ಉಪಖಂಡದ ರಣಹದ್ದುಗಳು ಬಹುಪಾಲು ಅಳಿದಿದ್ದವು. ಪಶುಚಿಕಿತ್ಸೆಯಲ್ಲಿ ಅದರ ಬಳಕೆಯನ್ನು ಭಾರತ 2006ರಲ್ಲಿ ನಿಷೇಧಿಸಿತು. ಕೀಟೊಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್‌ಗೆ 2023ರಲ್ಲಿ ಅದೇ ಗತಿಯಾಯಿತು. ರಾಮದೇವರ ಬೆಟ್ಟ ರಣಹದ್ದು ಧಾಮವಾದದ್ದು 2012ರಲ್ಲಿ. ಹದ್ದುಗಳಿಗೆ ಅಪಾಯವಿಲ್ಲದ ಬದಲಿ ಎಂದು ಮುಂದೆ ಬಂದ ಮೆಲಾಕ್ಸಿಕಾಂ, ನಾಯಿಗಳ ಕೀಲುನೋವಿಗೆ ಪಶುವೈದ್ಯರು ಹೆಚ್ಚಾಗಿ ಬರೆಯುವ ಔಷಧಿಗಳಲ್ಲೊಂದು.

● ಮೆಲಾಕ್ಸಿಕಾಂ, ಕಾರ್ಪ್ರೊಫೆನ್, ಫಿರೊಕಾಕ್ಸಿಬ್ ಇವೆಲ್ಲ ನಾಯಿಯ ತೂಕ ನೋಡಿ, ಯಕೃತ್ತು-ಮೂತ್ರಪಿಂಡಗಳ ರಕ್ತ ಪರೀಕ್ಷೆ ಮಾಡಿ ಕೊಡುವ ಔಷಧಿಗಳು. ಖಾಲಿ ಹೊಟ್ಟೆಗೆ ಬೇಡ. ಚರ್ಮದ ತುರಿಕೆಗೆಂದು ಸ್ಟಿರಾಯ್ಡ್ ನಡೆಯುತ್ತಿದ್ದರೆ ಜೊತೆಗೆ ಇವನ್ನು ಕೊಡಲೇಬಾರದು. ಆದ್ದರಿಂದ ನೆಕ್ಕುವುದಕ್ಕೊಬ್ಬ ವೈದ್ಯರು, ಕುಂಟುವುದಕ್ಕೊಬ್ಬ ವೈದ್ಯರು ಎಂದು ಓಡಾಡುವವರು ಎರಡೂ ಚೀಟಿಗಳನ್ನು ಇಬ್ಬರಿಗೂ ತೋರಿಸಿ.

● ನರದ ನೋವಿಗೆ ಗ್ಯಾಬಾಪೆಂಟಿನ್ ಬರೆದುಕೊಟ್ಟರೆ ಮಾತ್ರೆಯೋ ಸಿರಪ್ಪೋ ಕೇಳಿ. ಮನುಷ್ಯರಿಗೆಂದು ಮಾಡಿದ ಕೆಲವು ಸಿರಪ್‌ಗಳಲ್ಲಿ ಸಿಹಿಗಾಗಿ ಜೈಲಿಟಾಲ್ ಇರುತ್ತದೆ. ನಾಯಿಗೆ ಅದು ವಿಷ.

● ಅತಿ ಅಗ್ಗದ ನೋವುನಿವಾರಕ ಯಾವುದು? ಕಡಿಮೆ ಊಟ! ನಗಬೇಡಿ. ಅಮೆರಿಕದಲ್ಲಿ ಪ್ಯೂರಿನಾ ಕಂಪನಿಯ ಸಂಶೋಧಕರು 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲುಭಾಗ ಕಡಿಮೆ ಆಹಾರ ಕೊಟ್ಟು ಅವುಗಳ ಬದುಕಿಡೀ ನೋಡಿದರು. ಹದಿನಾಲ್ಕು ವರ್ಷ ನಡೆದ ಅಧ್ಯಯನದ ವರದಿ 2002ರಲ್ಲಿ ಬಂತು. ಹೊಟ್ಟೆ ತುಂಬ ಉಂಡವುಗಳ ಮಧ್ಯಮ ಆಯಸ್ಸು 11.2 ವರ್ಷ, ಮಿತವಾಗಿ ಉಂಡವುಗಳದು 13. ಕೀಲುಸವೆತಕ್ಕೆ ಚಿಕಿತ್ಸೆ ಬೇಕಾದದ್ದು ಮೊದಲ ಗುಂಪಿಗೆ ಹತ್ತರ ಆಸುಪಾಸಿನಲ್ಲಿ, ಎರಡನೆಯದಕ್ಕೆ ಹದಿಮೂರರ ಆಸುಪಾಸಿನಲ್ಲಿ. ನೋವಿಲ್ಲದ ಮೂರು ವರ್ಷ ಕೊಡುವ ಮಾತ್ರೆ ಯಾವ ಮೆಡಿಕಲ್ ಸ್ಟೋರಿನಲ್ಲೂ ಸಿಗುವುದಿಲ್ಲ.

ಈಗಾಗಲೇ ದಪ್ಪಗಾಗಿರುವ ನಾಯಿಗೂ ತಡವಾಗಿಲ್ಲ. ಮೈತೂಕದಲ್ಲಿ ನೂರಕ್ಕೆ ಆರರಷ್ಟು ಇಳಿದರೂ ಕುಂಟುವುದು ಕಣ್ಣಿಗೆ ಕಾಣುವಷ್ಟು ತಗ್ಗುತ್ತದೆಂದು 2010ರ ಒಂದು ಅಧ್ಯಯನ ಹೇಳುತ್ತದೆ. 35 ಕಿಲೊ ನಾಯಿಗೆ ಅದು ಎರಡು ಕಿಲೊ ಚಿಲ್ಲರೆ. ಪಕ್ಕೆಯ ಮೇಲೆ ಬೆರಳಾಡಿಸಿದಾಗ ಎಲುಬು ಒತ್ತದೆಯೇ ಸಿಗಬೇಕು, ಮೇಲಿನಿಂದ ನೋಡಿದಾಗ ಸೊಂಟ ಕಾಣಬೇಕು. ಊಟ ಅಳೆದೇ ಹಾಕುತ್ತೇವೆ ಎನ್ನುವ ಮನೆಗಳಲ್ಲಿ ಚಹಾದ ಜೊತೆಯ ಗ್ಲೂಕೋಸ್ ಬಿಸ್ಕತ್ತು, ತಾತ ಮೇಜಿನಡಿ ತಳ್ಳುವ ದೋಸೆಯ ತುಂಡು, ಮಕ್ಕಳು ಬಿಟ್ಟ ಮೊಸರನ್ನ ಲೆಕ್ಕಕ್ಕೇ ಬಂದಿರುವುದಿಲ್ಲ.

● ಲ್ಯಾಬ್ರಡಾರ್ ತಿನ್ನಲು ಅಂಗಲಾಚುವುದು ನಾಟಕವಲ್ಲ. ಸುಮಾರು ಕಾಲುಭಾಗ ಲ್ಯಾಬ್ರಡಾರ್‌ಗಳಲ್ಲಿ ಪಿಒಎಂಸಿ ಎಂಬ ಜೀನಿನ ತುಂಡು ಕಾಣೆಯಾಗಿದೆಯೆಂದು ಕೇಂಬ್ರಿಜ್ ವಿಜ್ಞಾನಿಗಳು 2016ರಲ್ಲಿ ಪತ್ತೆ ಮಾಡಿದರು. ಅಂಥವಕ್ಕೆ ಹಸಿವು ಜಾಸ್ತಿ. ಹಾಗೆಂದು ಕೊಡುತ್ತಾ ಹೋಗಲು ಇದು ನೆಪವಲ್ಲ.

● ವಿಟ್ರಿಫೈಡ್ ಟೈಲ್ಸ್, ಪಾಲಿಶ್ ಮಾಡಿದ ಗ್ರಾನೈಟ್ ಮುದಿ ನಾಯಿಯ ಶತ್ರುಗಳು. ಜಾರುವ ನೆಲದಲ್ಲಿ ಏಳುವಾಗ ಹಿಂಗಾಲು ಎರಡು ದಿಕ್ಕಿಗೆ ಹೋಗುತ್ತವೆ. ಎರಡು ಸಲ ಬಿದ್ದ ಮೇಲೆ ಏಳುವುದಕ್ಕೇ ಹೆದರುತ್ತದೆ. ಮಲಗುವ ಜಾಗದಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ ಹಳೆಯ ಯೋಗ ಮ್ಯಾಟನ್ನೋ ಅಂಚು ಮಡಚಿಕೊಳ್ಳದ ನಾರಿನ ಚಾಪೆಯನ್ನೋ ದಾರಿಯಾಗಿ ಹಾಸಿ. ಪಾದದಡಿ ಬೆಳೆದ ಕೂದಲು ಕತ್ತರಿಸಿ, ಉಗುರು ಮೊಟಕು ಮಾಡಿ. ಖರ್ಚು ಹೆಚ್ಚೆಂದರೆ ಕೆಲವು ನೂರು ರೂಪಾಯಿ. ಎಷ್ಟೋ ನಾಯಿಗಳಿಗೆ ಇದರಿಂದಲೇ ಅರ್ಧ ಸಲೀಸು.

● ಬರಿ ನೆಲದಲ್ಲಿ ಮಲಗಿ ಮಲಗಿ ಮೊಣಕೈ ದಡ್ಡುಗಟ್ಟುತ್ತದೆ, ದೊಡ್ಡ ತಳಿಗಳಲ್ಲಿ ಅಲ್ಲೇ ನೀರು ತುಂಬಿದ ಬುಗುಟು ಏಳುತ್ತದೆ. ಹಳ್ಳಿಯಲ್ಲಿ ಜಗುಲಿಯ ಮೂಲೆಗೆ ಮಡಚಿ ಹಾಕುತ್ತಿದ್ದ ಗೋಣಿತಾಟು ಅದಕ್ಕೆ ಒಳ್ಳೆಯ ಉತ್ತರವಾಗಿತ್ತು. ಮುಧೋಳದಂಥ ಬಡಕಲು ಮೈಯ ನಾಯಿಗೆ ಇನ್ನೂ ದಪ್ಪ ಹಾಸಿಗೆ ಬೇಕು, ಎಲುಬಿಗೂ ನೆಲಕ್ಕೂ ನಡುವೆ ಅದಕ್ಕೆ ಸ್ವಂತದ ಮೆತ್ತೆಯಿಲ್ಲ.

● ಹಳೆಯ ನೋವಿಗೆ ಬಿಸಿ, ಹೊಸ ಊತಕ್ಕೆ ತಣ್ಣಗೆ. ಬೆಳಿಗ್ಗೆ ಸೆಟೆದುಕೊಂಡ ಕೀಲಿಗೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಹತ್ತು-ಹದಿನೈದು ನಿಮಿಷ ಶಾಖ ಕೊಡಿ. ಮೊದಲು ನಿಮ್ಮ ಮಣಿಕಟ್ಟಿನ ಒಳಬದಿಗೆ ಇಟ್ಟು ಬಿಸಿ ನೋಡಿಕೊಳ್ಳಿ. ಕೀಲು ಆಗಲೇ ಸುಡುತ್ತಿದ್ದರೆ, ಊದಿದ್ದರೆ ಶಾಖ ಬೇಡ.

● ಅರಿಶಿನ? ನಾಯಿಗಳ ಕೀಲುನೋವಿಗೆ ಗಟ್ಟಿ ಪುರಾವೆಯಿಲ್ಲ. ಗ್ಲೂಕೋಸಮೀನ್? ಪರೀಕ್ಷೆಗಳ ಫಲಿತಾಂಶ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಮೀನೆಣ್ಣೆಯ ಒಮೆಗಾ-3 ಮಾತ್ರ ಪರವಾಗಿಲ್ಲ, ಅದನ್ನು ಕೊಟ್ಟಾಗ ನೋವಿನ ಮಾತ್ರೆಯ ಪ್ರಮಾಣವನ್ನೂ ಇಳಿಸಲು ಸಾಧ್ಯವಾದ ಅಧ್ಯಯನವಿದೆ. ಕಾಡ್ ಲಿವರ್ ಎಣ್ಣೆ ಬೇರೆ, ಅದರ ಎ ಮತ್ತು ಡಿ ಜೀವಸತ್ವಗಳು ಮೈಯಲ್ಲಿ ಶೇಖರವಾಗಿ ತೊಂದರೆ ಕೊಡುತ್ತವೆ.

● ನೀರು ಸೊಂಟದ ಮಟ್ಟಕ್ಕಿದ್ದರೆ ನಾಯಿಯ ಕಾಲುಗಳು ಹೊರುವುದು ಮೈಭಾರದ ನೂರಕ್ಕೆ 38 ಪಾಲು ಮಾತ್ರ. ನೀರಿನ ಟ್ರೆಡ್‌ಮಿಲ್ ಚಿಕಿತ್ಸೆಯ ಗುಟ್ಟು ಇದೇ. ಅದು ಸಿಗದಿದ್ದರೆ ವಾರಾಂತ್ಯದ ಒಂದು ದೊಡ್ಡ ವಾಕಿಂಗ್ ಬಿಟ್ಟು ದಿನಕ್ಕೆ ಮೂರು ಸಣ್ಣ ಸುತ್ತು ಹೊಡೆಸಿ. ನಡೆಸದೆ ಮಲಗಿಸಿಟ್ಟರೆ ಸ್ನಾಯು ಕರಗಿ ಕೀಲಿನ ಹೊರೆ ಹೆಚ್ಚುತ್ತದೆ. ಮೆಟ್ಟಿಲಲ್ಲಿ ಹೊಟ್ಟೆಯಡಿ ಒಂದು ಟವೆಲ್ ತೂರಿಸಿ ಹಿಂಭಾಗ ಎತ್ತಿಹಿಡಿದರೆ ಸಾಕು.

● ಎಲ್ಲ ಕುಂಟೂ ಕೀಲುಸವೆತವಲ್ಲ. ಆಡುತ್ತಾಡುತ್ತ ಥಟ್ಟನೆ ಹಿಂಗಾಲು ಎತ್ತಿಕೊಂಡರೆ ಮೊಣಕಾಲಿನ ಕ್ರೂಷಿಯೇಟ್ ಲಿಗಮೆಂಟ್ ಹರಿದಿರಬಹುದು. ಹಾಗೆ ಹರಿದ ನಾಯಿಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಮುಂದೆ ಇನ್ನೊಂದು ಕಾಲಿನದೂ ಹರಿಯುತ್ತದೆ. ಜರ್ಮನ್ ಶೆಫರ್ಡ್ ಹಿಂಗಾಲು ಎಳೆಯುತ್ತ, ಪಾದ ಮಡಚಿ ಊರುತ್ತಿದ್ದರೆ, ಮುಟ್ಟಿದರೆ ನೋವೇ ಇಲ್ಲದಿದ್ದರೆ, ಅದು ಬೆನ್ನುಹುರಿಯ ಕಾಯಿಲೆಯಿರಬಹುದು. ಅದರ ಹಿಂದಿರುವ ಎಸ್‌ಒಡಿ-1 ಜೀನಿನ ದೋಷ ಮನುಷ್ಯರ ಎಎಲ್‌ಎಸ್ ಕಾಯಿಲೆಯಲ್ಲೂ ಕಾಣುವಂಥದ್ದೆಂದು 2009ರಲ್ಲಿ ತಿಳಿಯಿತು. ದೊಡ್ಡ ತಳಿಯ ಮುದಿ ನಾಯಿಯ ಮಣಿಕಟ್ಟಿನ ಮೇಲೋ ಭುಜದ ಬಳಿಯೋ ಗಟ್ಟಿ ಊತ ಕಂಡರೆ ಶಾಖ ಕೊಡುತ್ತ ಕೂರಬೇಡಿ, ಮೂಳೆ ಕ್ಯಾನ್ಸರ್ ಮೆಚ್ಚುವ ಜಾಗಗಳವು. ಅಂದೇ ಎಕ್ಸ್‌ರೇ.

● ಎಕ್ಸ್‌ರೇ ಕೂಡ ನೋವನ್ನು ಅಳೆಯುವುದಿಲ್ಲ. ಚಿತ್ರದಲ್ಲಿ ಕೀಲು ಹಾಳುಬಿದ್ದಂತೆ ಕಾಣುವ ನಾಯಿ ಓಡಾಡಿಕೊಂಡಿರಬಹುದು, ಅಚ್ಚುಕಟ್ಟಾಗಿ ಕಾಣುವ ನಾಯಿ ಏಳಲಾರದೆ ಇರಬಹುದು.

● ನೋವಿನ ಸಂದೇಶ ಹೊರುವ ಎನ್‌ಜಿಎಫ್ ಪ್ರೋಟೀನನ್ನು ತಡೆಯುವ, ತಿಂಗಳಿಗೊಂದು ಬೆಡಿನ್‌ವೆಟ್‌ಮ್ಯಾಬ್ ಇಂಜೆಕ್ಷನ್‌ಗೆ ಯುರೋಪು 2020ರಲ್ಲಿ, ಅಮೆರಿಕ 2023ರಲ್ಲಿ ಅನುಮತಿ ಕೊಟ್ಟವು. ಅನೇಕ ನಾಯಿಗಳು ಚೇತರಿಸಿಕೊಂಡವು. ಆದರೆ ನರದ ತೊಂದರೆಯಂಥ ಅಡ್ಡಪರಿಣಾಮಗಳ ದೂರುಗಳು ಬಂದು, 2024ರ ಡಿಸೆಂಬರಿನಲ್ಲಿ ಅಮೆರಿಕದ ಎಫ್‌ಡಿಎ ಪಶುವೈದ್ಯರಿಗೆ ಎಚ್ಚರಿಕೆಯ ಪತ್ರ ಬರೆಯಿತು. ವಿದೇಶದಲ್ಲಿರುವ ನೆಂಟರಿಂದ ತರಿಸುವ ಯೋಚನೆಯಿದ್ದವರು ಇದನ್ನೂ ಓದಿಕೊಳ್ಳಿ.

● ನಾಯಿಯ ಒಂದು ವರ್ಷ ನಮ್ಮ ಏಳು ವರ್ಷ ಎಂಬ ಲೆಕ್ಕ ಹಳತಾಯಿತು. ಲ್ಯಾಬ್ರಡಾರ್‌ಗಳ ಡಿಎನ್‌ಎ ಮೇಲಿನ ಗುರುತುಗಳನ್ನು ನೋಡಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದ ಸೂತ್ರದ ಪ್ರಕಾರ ಒಂದು ವರ್ಷದ ನಾಯಿಗೆ ನಮ್ಮ 31, ಏಳಕ್ಕೆ 62, ಹತ್ತಕ್ಕೆ 68. ಅಂದರೆ ಏಳು ತುಂಬಿದ ನಾಯಿಗೆ ವರ್ಷಕ್ಕೆರಡು ಸಲ ತಪಾಸಣೆ ಎನ್ನುವುದು ವೈದ್ಯರ ದುರಾಸೆಯಲ್ಲ.

● ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸುಮಾರು ಕ್ರಿ.ಶ. 949ರಲ್ಲಿ ಒಂದು ನಾಯಿಗೆ ವೀರಗಲ್ಲು ನೆಟ್ಟರು. ಕಾಳಿ ಎಂಬ ಆ ಬೇಟೆನಾಯಿ ಕಾಡುಹಂದಿಯೊಡನೆ ಹೋರಾಡಿ ಮಡಿದಿತ್ತು. ಗಂಗ ದೊರೆ ಬೂತುಗ ಅದನ್ನು ತನ್ನ ವೀರ ಮಣಲೇರನಿಗೆ ಕೊಟ್ಟಿದ್ದ. ಕಲ್ಲಿಗೆ ಪೂಜೆ ಮಾಡದೆ ಅರ್ಚಕ ಊಟ ಮಾಡುವಂತಿಲ್ಲ ಎಂದೂ ಶಾಸನದಲ್ಲಿ ಕಟ್ಟಳೆಯಿದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸತ್ತ ಮೇಲೆ ಅಷ್ಟು ಗೌರವ ಕೊಟ್ಟ ನಾಡಿನಲ್ಲಿ, ಬದುಕಿರುವ ಮುದಿ ನಾಯಿಗೊಂದು ರಕ್ತ ಪರೀಕ್ಷೆ ದುಬಾರಿಯಾಗಬಾರದು.

● ಕೊನೆಯದಾಗಿ, ಕಾಯಬಾರದ ಹೊತ್ತುಗಳು. ನಾಯಿ ಒಂದು ಕಾಲನ್ನು ನೆಲಕ್ಕೆ ಮುಟ್ಟಿಸುವುದನ್ನೇ ಬಿಟ್ಟರೆ, ಹಿಂಗಾಲು ಎರಡೂ ಒಮ್ಮೆಲೇ ಸೋತರೆ, ನೆಕ್ಕಿದ ಜಾಗದಿಂದ ಕೀವೋ ರಕ್ತವೋ ಬಂದರೆ ಅದೇ ದಿನ ಪಶುವೈದ್ಯರಲ್ಲಿಗೆ ಒಯ್ಯಿರಿ. ನೋವಿನ ಮಾತ್ರೆ ನಡೆಯುತ್ತಿರುವಾಗ ವಾಂತಿ, ಊಟ ಬಿಡುವುದು, ಟಾರಿನಂಥ ಕಪ್ಪು ಮಲ ಕಂಡರೆ ಮುಂದಿನ ಮಾತ್ರೆ ಕೊಡಬೇಡಿ, ಮೊದಲು ವೈದ್ಯರಿಗೆ ಫೋನ್ ಮಾಡಿ.